ಗುರಿಗೆ ಇರುವ ಹೊಣೆ ಅದರ ಹಿಂದಿನ ಸಂಶೋಧನೆಗೂ ಇರಲಿ: ಕೇಂದ್ರ ಬ್ಯಾಂಕುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೇಂದ್ರ ಬ್ಯಾಂಕುಗಳ ಹಣಕಾಸು ನೀತಿ ಸಮಿತಿಗಳ ಮಾನ್ಯ ಸದಸ್ಯರು ಹಾಗೂ ಸಂಶೋಧನಾ ವಿಭಾಗಗಳ ಮುಖ್ಯಸ್ಥರು

ವಿಷಯ: ಹಣದುಬ್ಬರದ ಗುರಿಗೆ ಆಧಾರವಾದ ಸಂಶೋಧನೆಯನ್ನೂ ಅದರ ತಪ್ಪುಗಳನ್ನೂ ಸಾರ್ವಜನಿಕರ ಮುಂದೆ ಇಡುವಂತೆ ಕೋರಿಕೆ

ಮಾನ್ಯರೇ,

ಬ್ಯಾಂಕ್ ಆಫ್ ಇಂಗ್ಲೆಂಡಿಗೆ 1997ರಲ್ಲಿ ಬಡ್ಡಿ ದರವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ದೊರೆತಾಗ ಅದರ ಜೊತೆಗೇ ಒಂದು ಕಟ್ಟುಪಾಡೂ ಬಂದಿತು. ಹಣದುಬ್ಬರವು ಗೊತ್ತುಪಡಿಸಿದ ಗುರಿಯಿಂದ ಒಂದು ಶೇಕಡಾ ಅಂಶಕ್ಕಿಂತ ಹೆಚ್ಚು ಮೇಲಕ್ಕೋ ಕೆಳಕ್ಕೋ ಸರಿದರೆ ಗವರ್ನರ್ ಅವರು ಹಣಕಾಸು ಸಚಿವರಿಗೆ ಬಹಿರಂಗ ಪತ್ರ ಬರೆದು, ಗುರಿ ಏಕೆ ತಪ್ಪಿತು, ಈಗ ಏನು ಮಾಡಲಾಗುತ್ತಿದೆ, ಮತ್ತೆ ಗುರಿ ಮುಟ್ಟಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ವಿವರಿಸಬೇಕು. ಸುಮಾರು ಹತ್ತು ವರ್ಷ ಅಂಥ ಪತ್ರ ಬರೆಯುವ ಸಂದರ್ಭವೇ ಬರಲಿಲ್ಲ. 2007ರ ಮಾರ್ಚ್‌ನಲ್ಲಿ ಹಣದುಬ್ಬರ ಶೇ 2ರ ಗುರಿಯನ್ನು ದಾಟಿ ಶೇ 3.1ಕ್ಕೆ ಏರಿದಾಗ, ಮರುತಿಂಗಳು ಗವರ್ನರ್ ಮರ್ವಿನ್ ಕಿಂಗ್ ಮೊದಲ ಪತ್ರ ಬರೆದರು. ಅಧಿಕಾರದಲ್ಲಿರುವ ಒಂದು ಸಂಸ್ಥೆ ತನ್ನ ಗುರಿ ತಪ್ಪಿದ್ದನ್ನು ಎಲ್ಲರೂ ಓದುವಂತೆ ಬರೆದು ಒಪ್ಪಿಕೊಳ್ಳುವ ಈ ಪದ್ಧತಿಯ ಮೇಲಿನ ಗೌರವದಿಂದಲೇ ನಾನು ಇದೇ ರೂಪದಲ್ಲಿ ತಮಗೆ ಬರೆಯುತ್ತಿದ್ದೇನೆ.

ನಾನು ಹಲವು ವರ್ಷ ಹಣಕಾಸು ನೀತಿಯನ್ನು, ಅದರಲ್ಲೂ ಹಣದುಬ್ಬರ ಗುರಿ ನೀತಿಯ (ಬೆಲೆ ಏರಿಕೆ ಇಷ್ಟು ಶೇಕಡಾ ಇರಬೇಕೆಂದು ಮೊದಲೇ ಸಾರಿ, ಬಡ್ಡಿ ದರದ ಮೂಲಕ ಅದನ್ನು ಸಾಧಿಸುವ ನೀತಿಯ) ಪರಿಣಾಮಗಳನ್ನು ಅಧ್ಯಯನ ಮಾಡಿದವನು. ಈ ನೀತಿಯ ವಿರೋಧಿ ನಾನಲ್ಲ. ಚುನಾವಣೆ ಹತ್ತಿರ ಬಂದಾಗ ಬಡ್ಡಿ ಇಳಿಸುವ, ಸರ್ಕಾರದ ಕೊರತೆ ತುಂಬಲು ಹಣ ಹರಿಸುವ ಚಾಳಿಗೆ ಒಂದು ಸ್ಪಷ್ಟ ಸಂಖ್ಯೆ ಹೇಗೆ ಲಗಾಮು ಹಾಕಿತು ಎಂಬುದನ್ನು ನಾನು ಬಲ್ಲೆ. ನನ್ನ ದೂರು ಬೇರೆಯದು. ಗುರಿ ತಪ್ಪಿದರೆ ಉತ್ತರ ಹೇಳುವ ಹೊಣೆಯನ್ನು ತಾವು ಒಪ್ಪಿಕೊಂಡಿದ್ದೀರಿ. ಆದರೆ ಯಾವ ಸಂಶೋಧನೆಯ ಆಧಾರದ ಮೇಲೆ ಆ ಗುರಿಯನ್ನೂ ಅದಕ್ಕೆ ಬೇಕಾದ ಬಡ್ಡಿ ದರವನ್ನೂ ನಿರ್ಧರಿಸುತ್ತೀರೋ ಆ ಸಂಶೋಧನೆ ತಪ್ಪಿದಾಗ ಅದೇ ಹೊಣೆಯನ್ನು ಯಾರೂ ಹೊರುತ್ತಿಲ್ಲ.

ಮೊದಲಿಗೆ ಆ ಸಂಖ್ಯೆಯನ್ನೇ ನೋಡೋಣ. ಈ ನೀತಿಯನ್ನು ಮೊದಲು ಕಾನೂನಿನ ಚೌಕಟ್ಟಿಗೆ ತಂದದ್ದು ನ್ಯೂಜಿಲೆಂಡ್. ಅಲ್ಲಿನ ರಿಸರ್ವ್ ಬ್ಯಾಂಕ್ ಕಾಯ್ದೆ 1989ರಲ್ಲಿ ಅಂಗೀಕಾರವಾಯಿತು. 1990ರ ಮಾರ್ಚ್‌ನ ಒಪ್ಪಂದದಲ್ಲಿ ಶೇ 0ಯಿಂದ 2ರ ಗುರಿ ನಿಗದಿಯಾಯಿತು. ಆದರೆ ಅದಕ್ಕೂ ಮೊದಲು, 1988ರಲ್ಲಿ, ಆಗಿನ ಹಣಕಾಸು ಸಚಿವ ರೋಜರ್ ಡಗ್ಲಸ್ ಅವರು ಒಂದು ದೂರದರ್ಶನ ಸಂದರ್ಶನದಲ್ಲಿ ಹಣದುಬ್ಬರವನ್ನು ಶೂನ್ಯದಿಂದ ಶೇ 1ರ ಆಸುಪಾಸಿಗೆ ಇಳಿಸುವ ಮಾತನ್ನಾಡಿದ್ದರು. ಸಂಖ್ಯೆಯ ಬೀಜ ಬಿದ್ದದ್ದು ಅಲ್ಲಿ. 1991ರಲ್ಲಿ ಕೆನಡಾ, 1992ರಲ್ಲಿ ಯುರೋಪಿನ ದೇಶಗಳ ನಾಣ್ಯಗಳನ್ನು ಪರಸ್ಪರ ಕಟ್ಟಿಹಾಕಿದ್ದ ವಿನಿಮಯ ದರ ವ್ಯವಸ್ಥೆಯಿಂದ ಹೊರಬಿದ್ದ ಬ್ರಿಟನ್, 1993ರಲ್ಲಿ ಸ್ವೀಡನ್ ಇದೇ ದಾರಿ ಹಿಡಿದವು. ಅಮೆರಿಕದ ಫೆಡರಲ್ ರಿಸರ್ವ್ ಶೇ 2ನ್ನು ತನ್ನ ಗುರಿಯೆಂದು ಬಹಿರಂಗವಾಗಿ ಘೋಷಿಸಿದ್ದು 2012ರ ಜನವರಿಯಲ್ಲಿ, ಬ್ಯಾಂಕ್ ಆಫ್ ಜಪಾನ್ 2013ರಲ್ಲಿ. 2016ರಲ್ಲಿ ಕಾನೂನು ತಿದ್ದುಪಡಿ ಮಾಡಿದ ಭಾರತವು ಶೇ 4ನ್ನು, ಅತ್ತಿತ್ತ ಎರಡು ಶೇಕಡಾ ಅಂಶಗಳ ಅವಕಾಶದೊಂದಿಗೆ, ಆಯ್ದುಕೊಂಡಿತು. ಸಂಖ್ಯೆ ಮೊದಲು ಹುಟ್ಟಿತು, ಅದು ಏಕೆ ಸರಿ ಎಂದು ತೋರಿಸುವ ಲೆಕ್ಕಾಚಾರ ಬಹುಮಟ್ಟಿಗೆ ಆಮೇಲೆ ಬಂದಿತು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ; ಆಡಳಿತದ ಅನೇಕ ಒಳ್ಳೆಯ ನಿರ್ಧಾರಗಳು ಹೀಗೇ ಹುಟ್ಟಿವೆ. ಆದರೆ 2010ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಒಲಿವಿಯೆ ಬ್ಲಾಂಶಾರ್ ತಮ್ಮ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ, ಶೇ 4ರ ಗುರಿ ಇದ್ದರೆ ಮಾಮೂಲಿ ಕಾಲದ ಬಡ್ಡಿ ದರವೂ ಮೇಲಿರುವುದರಿಂದ ಬಿಕ್ಕಟ್ಟಿನ ಕಾಲದಲ್ಲಿ ಬಡ್ಡಿ ಇಳಿಸಲು ಹೆಚ್ಚು ಅವಕಾಶ ಸಿಗುವುದಿಲ್ಲವೇ ಎಂದು ಕೇಳಿದಾಗ, ಆ ಪ್ರಶ್ನೆಗೆ ದೊರೆತ ಮುಖ್ಯ ಉತ್ತರ ‘ಈಗ ಗುರಿ ಬದಲಿಸಿದರೆ ಜನರ ನಂಬಿಕೆ ಹೋಗುತ್ತದೆ’ ಎಂಬುದಾಗಿತ್ತು. ಸಂಖ್ಯೆ ಸರಿಯೇ ಎಂದು ಕೇಳಿದವರಿಗೆ ಸಂಖ್ಯೆಯನ್ನು ಬದಲಿಸುವುದು ಅಪಾಯ ಎಂದು ಹೇಳಿದರೆ ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರವಾಗುತ್ತದೆ.

ಈಗ ಈ ನೀತಿಯ ಯಶಸ್ಸಿಗೆ ಬರುತ್ತೇನೆ. ಗುರಿಯನ್ನು ಅಳವಡಿಸಿಕೊಂಡ ದೇಶಗಳಲ್ಲಿ ಹಣದುಬ್ಬರ ಇಳಿಯಿತು, ಇದು ನಿಜ. ಇಳಿದದ್ದು ಗುರಿಯಿಂದಲೇ ಎಂಬುದು ಬೇರೆ ಮಾತು. ಜ್ವರ ತೀರಾ ಏರಿದ ದಿನವೇ ಜನ ವೈದ್ಯರ ಬಳಿ ಹೋಗುತ್ತಾರೆ. ಎರಡು ದಿನ ಬಿಟ್ಟು ಜ್ವರ ಇಳಿದರೆ ಅದರಲ್ಲಿ ಔಷಧದ ಪಾಲೆಷ್ಟು, ಜ್ವರ ತಾನಾಗಿ ಇಳಿದ ಪಾಲೆಷ್ಟು ಎಂದು ತಿಳಿಯಬೇಕಾದರೆ ಅಷ್ಟೇ ಜ್ವರವಿದ್ದೂ ಔಷಧ ತೆಗೆದುಕೊಳ್ಳದವರ ಜೊತೆ ಹೋಲಿಸಿ ನೋಡಬೇಕು. ಅರ್ಥಶಾಸ್ತ್ರಜ್ಞರಾದ ಲಾರೆನ್ಸ್ ಬಾಲ್ ಮತ್ತು ನಿಯಾಮ್ ಶೆರಿಡನ್ ಮಾಡಿದ್ದು ಇದನ್ನೇ. ಅವರು ಮುಂದುವರಿದ 20 ದೇಶಗಳನ್ನು ತೆಗೆದುಕೊಂಡರು. ಅವುಗಳಲ್ಲಿ 7 ದೇಶಗಳು ಗುರಿಯನ್ನು ಅಳವಡಿಸಿಕೊಂಡಿದ್ದವು, 13 ದೇಶಗಳು ಅಳವಡಿಸಿಕೊಂಡಿರಲಿಲ್ಲ. ಮೊದಲು ಯಾರ ಹಣದುಬ್ಬರ ಎಷ್ಟಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ, ಗುರಿಯಿಂದಲೇ ಹೆಚ್ಚಿನ ಲಾಭವಾಯಿತು ಎನ್ನಲು ಅವರಿಗೆ ಪುರಾವೆ ಸಿಗಲಿಲ್ಲ. ಹೆಚ್ಚು ಹಣದುಬ್ಬರವಿದ್ದ ದೇಶಗಳಲ್ಲೆಲ್ಲ, ಗುರಿ ಇರಲಿ ಇಲ್ಲದಿರಲಿ, ಅದು ಇಳಿದಿತ್ತು. ಅಭಿವೃದ್ಧಿಶೀಲ ದೇಶಗಳನ್ನು ಸೇರಿಸಿದ ನಂತರದ ಅಧ್ಯಯನಗಳಲ್ಲಿ ಗುರಿಯ ಪರವಾದ ಫಲಿತಾಂಶಗಳೂ ಬಂದಿವೆ. ಅಂದರೆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗದ ವಿಷಯವನ್ನು ಇತ್ಯರ್ಥವಾದಂತೆ ಮಂಡಿಸುವ ಭಾಷಣಗಳನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕಾಗಿದೆ. ಬಹಳ ಹಿಂದೆ ಒಂದು ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ನಾನು ಇದೇ ಬಗೆಯ ಹೋಲಿಕೆಯ ಅಧ್ಯಯನ ನಡೆಸಿದೆ. ಆರಂಭದ ಮಟ್ಟವನ್ನು ಸರಿದೂಗಿಸಿದೊಡನೆ ಗುರಿಯ ಪರಿಣಾಮ ನನ್ನ ಲೆಕ್ಕದಲ್ಲಿಯೂ ಬಹುತೇಕ ಕರಗಿಹೋಯಿತು. ಕರಡನ್ನು ಮೇಲಿನವರಿಗೆ ಒಪ್ಪಿಸಿದೆ. ಯಾರೂ ನನ್ನ ಅಂಕಿಗಳನ್ನು ಪ್ರಶ್ನಿಸಲಿಲ್ಲ, ಲೆಕ್ಕದ ವಿಧಾನದಲ್ಲಿ ದೋಷವಿದೆ ಎನ್ನಲಿಲ್ಲ. ಸಾರಾಂಶದಲ್ಲಿದ್ದ ‘ಗುರಿಯ ಪ್ರತ್ಯೇಕ ಪರಿಣಾಮಕ್ಕೆ ಪುರಾವೆ ದೊರೆಯಲಿಲ್ಲ’ ಎಂಬ ಒಂದು ವಾಕ್ಯವನ್ನು ತೆಗೆದು, ಆ ಜಾಗದಲ್ಲಿ ‘ಪರಿಣಾಮವು ದೇಶದಿಂದ ದೇಶಕ್ಕೆ ಭಿನ್ನವಾಗಿದೆ’ ಎಂದು ಬರೆಯಲು ಸೂಚಿಸಿದರು, ಅಷ್ಟೆ. ಎರಡನೆಯ ವಾಕ್ಯವೂ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಪ್ಪಿದೆ. ಪ್ರಬಂಧ ಪ್ರಕಟವಾಯಿತು. ನಾಲ್ಕಾರು ವರ್ಷಗಳ ನಂತರ ಒಂದು ನೀತಿ ವರದಿಯಲ್ಲಿ ಅದೇ ಪ್ರಬಂಧವನ್ನು ಗುರಿ ನೀತಿಯ ಪರವಾದ ಸಾಕ್ಷ್ಯಗಳ ಸಾಲಿನಲ್ಲಿ ಉಲ್ಲೇಖಿಸಿದ್ದನ್ನು ನೋಡಿದಾಗ ನನಗೆ ಆದ ನೋವು ಇಂದಿಗೂ ಇಳಿದಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಇದು ನನ್ನೊಬ್ಬನ ಅನುಭವವಾಗಿದ್ದರೆ ತಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. 2021ರಲ್ಲಿ ಅರ್ಥಶಾಸ್ತ್ರಜ್ಞ ಬ್ರಿಯಾನ್ ಫಾಬೊ ಮತ್ತು ಮೂವರು ಸಹಲೇಖಕರು, ಕೇಂದ್ರ ಬ್ಯಾಂಕುಗಳು ಆರ್ಥಿಕತೆಗೆ ಚೇತರಿಕೆ ಕೊಡಲು ಭಾರಿ ಪ್ರಮಾಣದಲ್ಲಿ ಬಾಂಡ್ (ಸಾಲಪತ್ರ) ಖರೀದಿಸಿದ್ದರ ಪರಿಣಾಮದ ಬಗ್ಗೆ ಬಂದಿದ್ದ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಕೇಂದ್ರ ಬ್ಯಾಂಕಿನ ಸಂಶೋಧಕರು ಬರೆದ ಪ್ರಬಂಧಗಳಲ್ಲಿ ಉತ್ಪಾದನೆ ಮತ್ತು ಹಣದುಬ್ಬರದ ಮೇಲೆ ಆ ನೀತಿಯ ಪರಿಣಾಮ ವಿಶ್ವವಿದ್ಯಾಲಯಗಳ ಸಂಶೋಧಕರು ಕಂಡುದಕ್ಕಿಂತ ದೊಡ್ಡದಾಗಿತ್ತು. ಸಾರಾಂಶಗಳ ಭಾಷೆಯೂ ಹೆಚ್ಚು ಅನುಕೂಲಕರವಾಗಿತ್ತು. ಉತ್ಪಾದನೆಯ ಮೇಲೆ ದೊಡ್ಡ ಪರಿಣಾಮ ತೋರಿಸಿದ ಕೇಂದ್ರ ಬ್ಯಾಂಕ್ ಸಂಶೋಧಕರಿಗೆ ವೃತ್ತಿಯಲ್ಲಿ ಹೆಚ್ಚು ಏಳಿಗೆಯೂ ಸಿಕ್ಕಿತ್ತು. ಸಂಶೋಧನೆಯ ತಯಾರಿಯಲ್ಲಿ ಬ್ಯಾಂಕಿನ ಆಡಳಿತ ವರ್ಗ ಗಣನೀಯವಾಗಿ ಪಾಲ್ಗೊಳ್ಳುತ್ತದೆ ಎಂಬುದೂ ಅವರ ಸಮೀಕ್ಷೆಯಿಂದ ತಿಳಿಯಿತು. ಯಾರೋ ಕುಳಿತು ಅಂಕಿಗಳನ್ನು ತಿದ್ದಿದ್ದಾರೆ ಎಂದು ನಾನು ಆರೋಪಿಸುತ್ತಿಲ್ಲ. ನೀತಿಯನ್ನು ರೂಪಿಸುವ ಸಂಸ್ಥೆಯೇ ಅದರ ಫಲವನ್ನೂ ಅಳೆಯುವಾಗ ಅಳತೆಗೋಲು ತನಗೇ ತಿಳಿಯದಂತೆ ಒಂದು ಕಡೆಗೆ ವಾಲುತ್ತದೆ. ಅದನ್ನು ತಡೆಯುವ ವ್ಯವಸ್ಥೆಯನ್ನು ತಾವು ಮಾಡಿಲ್ಲ ಎಂಬುದೇ ನನ್ನ ದೂರು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವ ವಿಷಯ ‘ನಿರೀಕ್ಷೆ’. ಹಣದುಬ್ಬರ ಗುರಿ ನೀತಿಯ ತಿರುಳೇ ಇದು: ಮುಂದೆ ಬೆಲೆಗಳು ಗುರಿಯ ಆಸುಪಾಸಿನಲ್ಲೇ ಏರುತ್ತವೆ ಎಂದು ಜನ ನಂಬಿದರೆ ಸಂಬಳ ಕೇಳುವವರೂ ಬೆಲೆ ನಿಗದಿ ಮಾಡುವವರೂ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ, ಆಗ ಗುರಿ ಬಹುಪಾಲು ತಾನಾಗಿಯೇ ಕೈಗೂಡುತ್ತದೆ. ನಿರೀಕ್ಷೆಗಳು ಗುರಿಗೆ ‘ಲಂಗರು ಹಾಕಿ ನಿಂತಿವೆ’ ಎಂಬ ಮಾತು ತಮ್ಮ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾರ ನಿರೀಕ್ಷೆಗಳು ಎಂದು ಕೇಳಲು ನನಗೆ ಅನುಮತಿ ಕೊಡಿ. ರೆಫೆಟ್ ಗುರ್ಕಾಯ್ನಾಕ್, ಆಂಡ್ರ್ಯೂ ಲೆವಿನ್ ಮತ್ತು ಎರಿಕ್ ಸ್ವಾನ್ಸನ್ ಅವರು ಬಾಂಡ್ ಮಾರುಕಟ್ಟೆಯ ದರಗಳನ್ನು ಅಧ್ಯಯನ ಮಾಡಿ, ಸ್ವೀಡನ್‌ನಲ್ಲಿಯೂ 1997ರ ನಂತರದ ಬ್ರಿಟನ್‌ನಲ್ಲಿಯೂ ದೂರದ ಭವಿಷ್ಯದ ಹಣದುಬ್ಬರದ ನಿರೀಕ್ಷೆ ದಿನನಿತ್ಯದ ಆರ್ಥಿಕ ಸುದ್ದಿಗಳಿಗೆ ಅಲುಗಾಡುತ್ತಿರಲಿಲ್ಲ, ಆಗಿನ್ನೂ ಘೋಷಿತ ಗುರಿ ಇಲ್ಲದಿದ್ದ ಅಮೆರಿಕದಲ್ಲಿ ಅಲುಗಾಡುತ್ತಿತ್ತು ಎಂದು ತೋರಿಸಿದರು. ಗುರಿಯ ಪರವಾಗಿ ನಾನು ಬಲ್ಲ ಅತ್ಯಂತ ಅಚ್ಚುಕಟ್ಟಾದ ಪುರಾವೆ ಇದು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಾಂಡ್ ಕೊಳ್ಳುವವರು ಸಂಬಳದ ಚೌಕಾಸಿ ಮಾಡುವುದಿಲ್ಲ, ಸರಕಿನ ಮೇಲೆ ಬೆಲೆಚೀಟಿ ಅಂಟಿಸುವುದಿಲ್ಲ. ಬೆಲೆ ನಿಗದಿ ಮಾಡುವವರನ್ನೇ ನೇರವಾಗಿ ಕೇಳಿದ ಅಧ್ಯಯನ 2015ರಲ್ಲಿ ಬಂದಿತು. ಸಾಟೇನ್ ಕುಮಾರ್, ಹಸನ್ ಅಫ್ರೂಜಿ, ಒಲಿವಿಯೆ ಕೊಯ್ಬಿಯೋನ್ ಮತ್ತು ಯೂರಿ ಗೊರೊಡ್ನಿಚೆಂಕೊ ಅವರು ಗುರಿ ನೀತಿಯ ತವರಾದ ನ್ಯೂಜಿಲೆಂಡ್‌ನಲ್ಲಿಯೇ ಕಂಪನಿಗಳ ವ್ಯವಸ್ಥಾಪಕರ ಸಮೀಕ್ಷೆ ನಡೆಸಿದರು. ಗುರಿ ಜಾರಿಗೆ ಬಂದು ಕಾಲು ಶತಮಾನ ಕಳೆದಿದ್ದರೂ ಆ ವ್ಯವಸ್ಥಾಪಕರ ಅಂದಾಜುಗಳು ಗುರಿಗಿಂತ ಬಹಳ ಮೇಲಿದ್ದವು, ಒಬ್ಬರ ಅಂದಾಜಿಗೂ ಇನ್ನೊಬ್ಬರ ಅಂದಾಜಿಗೂ ಅಜಗಜಾಂತರವಿತ್ತು, ಕೇಂದ್ರ ಬ್ಯಾಂಕಿನ ಗುರಿ ಎಷ್ಟೆಂಬುದೇ ಅನೇಕರಿಗೆ ಗೊತ್ತಿರಲಿಲ್ಲ.

ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏಳುವ ಪ್ರಶ್ನೆ ಸಣ್ಣದಲ್ಲ. ನಂಬಿಕೆ ನೆಲೆಗೊಂಡಿರುವುದು ಹಣಕಾಸು ಮಾರುಕಟ್ಟೆಯಲ್ಲಿ ಮಾತ್ರವಾಗಿದ್ದು, ಬೆಲೆ ಮತ್ತು ಸಂಬಳವನ್ನು ನಿರ್ಧರಿಸುವವರಿಗೆ ಗುರಿಯ ಅರಿವೇ ಇಲ್ಲದಿದ್ದರೆ, ಹಣದುಬ್ಬರ ತಗ್ಗಿದ್ದಾದರೂ ಯಾವ ದಾರಿಯಿಂದ? ಫೆಡರಲ್ ರಿಸರ್ವ್‌ನ ಅರ್ಥಶಾಸ್ತ್ರಜ್ಞ ಜೆರೆಮಿ ರಡ್ 2021ರಲ್ಲಿ ಈ ನಿರೀಕ್ಷೆಯ ಸಿದ್ಧಾಂತದ ಬುಡವನ್ನೇ ಪ್ರಶ್ನಿಸುವ ಪ್ರಬಂಧ ಬರೆದರು, ಅದನ್ನು ಆ ಸಂಸ್ಥೆಯೇ ಪ್ರಕಟಿಸಿತು. ಅವರ ವಾದವನ್ನೆಲ್ಲ ನಾನು ಒಪ್ಪುವುದಿಲ್ಲ. ಆದರೆ ಸಂಸ್ಥೆಯ ಒಳಗಿದ್ದುಕೊಂಡೇ ಅದನ್ನು ಬರೆಯಲು ಸಾಧ್ಯವಾಯಿತಲ್ಲ, ಆ ಅವಕಾಶ ಎಲ್ಲ ಕೇಂದ್ರ ಬ್ಯಾಂಕುಗಳ ಸಂಶೋಧಕರಿಗೂ ಹಕ್ಕಾಗಿ ಸಿಗಬೇಕೆಂದು ನಾನು ಬಯಸುತ್ತೇನೆ.

ಈ ಎಲ್ಲ ಅನಿಶ್ಚಿತತೆಗೆ ಬೆಲೆ ತೆರುವವರು ಸಂಶೋಧಕರಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1ಕ್ಕೆ, ಅಕ್ಟೋಬರ್‌ನಲ್ಲಿ ಯೂರೊ ವಲಯದ್ದು ಶೇ 10.6ಕ್ಕೆ, ಬ್ರಿಟನ್ನಿನದು ಶೇ 11.1ಕ್ಕೆ ಮುಟ್ಟಿತು. ಫೆಡರಲ್ ರಿಸರ್ವ್ ತನ್ನ ದರವನ್ನು 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಶೂನ್ಯದ ಸಮೀಪದಿಂದ ಶೇ 5.25–5.50ರ ಮಟ್ಟಕ್ಕೆ ಏರಿಸಿತು. ಆ ಏರಿಕೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಫೆಡರಲ್ ರಿಸರ್ವ್‌ನ ಮಾಜಿ ಅಧ್ಯಕ್ಷ ಬೆನ್ ಬರ್ನಾಂಕಿ ಮತ್ತು ಬ್ಲಾಂಶಾರ್ 2023ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಅಮೆರಿಕದಲ್ಲಿ ಆರಂಭದ ಏರಿಕೆಯ ಬಹುಪಾಲು ಬಂದದ್ದು ಇಂಧನ ಮತ್ತು ಆಹಾರದ ಬೆಲೆಯಿಂದ ಹಾಗೂ ಸರಕುಗಳ ಕೊರತೆಯಿಂದ. ಬಿಗಿಯಾದ ಕಾರ್ಮಿಕ ಮಾರುಕಟ್ಟೆಯ ಪಾಲು ಮೊದಲಿಗೆ ಸಣ್ಣದಿದ್ದು ಕ್ರಮೇಣ ಬೆಳೆಯಿತು. ಬಡ್ಡಿ ದರ ಏರಿಸಿದರೆ ತೈಲ ಹೆಚ್ಚು ಹೊರಬರುವುದಿಲ್ಲ, ಧಾನ್ಯ ಹೆಚ್ಚು ಬೆಳೆಯುವುದಿಲ್ಲ. ಅದು ಸಾಲವನ್ನು ದುಬಾರಿ ಮಾಡಿ, ಖರ್ಚು ಮತ್ತು ಹೂಡಿಕೆಯನ್ನು ತಗ್ಗಿಸಿ, ಕೊನೆಗೆ ಸಂಬಳ ಮತ್ತು ಉದ್ಯೋಗದ ಮೂಲಕ ಬೆಲೆಗಳನ್ನು ತಲುಪುತ್ತದೆ. ಹಾಗಾಗಿ ದರ ಏರಿಸುವಾಗಲೆಲ್ಲ ಅದರ ಭಾರ ಸಾಲ ಮಾಡಿದವರ ಮೇಲೆ ಎಷ್ಟು, ಕೆಲಸ ಕಳೆದುಕೊಳ್ಳುವವರ ಮೇಲೆ ಎಷ್ಟು, ಉಳಿತಾಯ ಇಟ್ಟವರಿಗೆ ಲಾಭ ಎಷ್ಟು ಎಂಬ ಅಂದಾಜು ತಮ್ಮ ಮೇಜಿನ ಮೇಲೆ ಇರಲೇಬೇಕು. ಇದ್ದರೆ ಅದು ನಮಗೂ ಕಾಣಲಿ.

ತಪ್ಪು ಒಂದೇ ದಿಕ್ಕಿನಲ್ಲಿ ಆಗುತ್ತದೆ ಎಂದೂ ಇಲ್ಲ. 2010–11ರಲ್ಲಿ ಸ್ವೀಡನ್ನಿನ ಕೇಂದ್ರ ಬ್ಯಾಂಕ್, ಮನೆವಾರ್ತೆಯ ಸಾಲ ಬೆಳೆಯುತ್ತಿದೆ ಎಂಬ ಆತಂಕವನ್ನೂ ಮುಂದಿಟ್ಟುಕೊಂಡು ದರವನ್ನು ಶೇ 0.25ರಿಂದ ಶೇ 2ಕ್ಕೆ ಏರಿಸಿತು. ಆಡಳಿತ ಮಂಡಳಿಯಲ್ಲಿದ್ದ ಅರ್ಥಶಾಸ್ತ್ರಜ್ಞ ಲಾರ್ಸ್ ಸ್ವೆನ್ಸನ್ ಇದನ್ನು ಪಟ್ಟುಹಿಡಿದು ವಿರೋಧಿಸಿದರು. ನಂತರ ಹಣದುಬ್ಬರ ಗುರಿಗಿಂತ ಬಹಳ ಕೆಳಗೆ, ಶೂನ್ಯದ ಸಮೀಪಕ್ಕೆ ಕುಸಿದು, 2015ರಲ್ಲಿ ದರವನ್ನು ಶೂನ್ಯಕ್ಕಿಂತ ಕೆಳಗೆ ಇಳಿಸಬೇಕಾಯಿತು. ಅಷ್ಟರಲ್ಲಿ ಸ್ವೆನ್ಸನ್ ಮಂಡಳಿಯನ್ನು ಬಿಟ್ಟಿದ್ದರು. ಆದರೂ ಅವರ ಭಿನ್ನಮತ ಹೆಸರಿನ ಸಮೇತ, ಕಾರಣಗಳ ಸಮೇತ ನಡಾವಳಿಯಲ್ಲಿ ಉಳಿದಿದ್ದರಿಂದ ಯಾರು ಏನು ಹೇಳಿದ್ದರು, ಯಾರ ಮಾತು ನಿಜವಾಯಿತು ಎಂದು ಇಂದು ನಾವು ಪರಿಶೀಲಿಸಬಹುದಾಗಿದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಭಾರತದ ಕಾನೂನಿನ ಪ್ರಕಾರ ಹಣದುಬ್ಬರ ಸತತ ಮೂರು ತ್ರೈಮಾಸಿಕ ಮಿತಿಯ ಹೊರಗೆ ಉಳಿದರೆ, ಕಾರಣ, ಪರಿಹಾರ ಕ್ರಮ ಮತ್ತು ಬೇಕಾಗುವ ಅವಧಿಯನ್ನು ತಿಳಿಸಿ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವರದಿ ಸಲ್ಲಿಸಬೇಕು. 2022ರಲ್ಲಿ ಹಾಗೆ ಆಯಿತು. ಆ ವರ್ಷದ ನವೆಂಬರ್‌ನಲ್ಲಿ ಸಮಿತಿ ವಿಶೇಷ ಸಭೆ ಸೇರಿತು, ವರದಿ ಸರ್ಕಾರಕ್ಕೆ ಹೋಯಿತು, ಸಾರ್ವಜನಿಕರಿಗೆ ಮಾತ್ರ ಅದನ್ನು ಬಿಡುಗಡೆ ಮಾಡಲಿಲ್ಲ. ಬ್ರಿಟನ್ನಿನ ಗವರ್ನರ್ ಉತ್ತರಿಸಬೇಕಾದ ಮೂರು ಪ್ರಶ್ನೆಗಳೇ ಇಲ್ಲಿಯೂ ಇದ್ದವು. ಅಲ್ಲಿ ಪತ್ರ ಎಲ್ಲರ ಕೈಗೂ ಸಿಗುತ್ತದೆ, ಇಲ್ಲಿ ಸಿಗಲಿಲ್ಲ. ಜನರ ನಿರೀಕ್ಷೆಯನ್ನು ತನ್ನ ಮುಖ್ಯ ಸಾಧನವೆಂದು ಹೇಳಿಕೊಳ್ಳುವ ನೀತಿಯು ಗುರಿ ತಪ್ಪಿದ ಕಾರಣವನ್ನು ಅದೇ ಜನರಿಂದ ಮರೆಮಾಡಿದರೆ ತನ್ನ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡಂತೆ.

ಆದ್ದರಿಂದ ನನ್ನ ಮೊದಲ ಕೋರಿಕೆ: ಗುರಿ ತಪ್ಪಿದಾಗ ಬರೆಯುವ ವರದಿ ಯಾವ ದೇಶದಲ್ಲೇ ಆಗಲಿ ಸರ್ಕಾರಕ್ಕೆ ತಲುಪಿದ ದಿನವೇ ಪ್ರಕಟವಾಗಬೇಕು.

ಎರಡನೆಯದು ಮುನ್ನಂದಾಜುಗಳಿಗೆ ಸಂಬಂಧಿಸಿದ್ದು, ನನಗೆ ಹೆಚ್ಚು ಮುಖ್ಯವಾದದ್ದು. ಬಡ್ಡಿ ದರದ ಪೂರ್ಣ ಪರಿಣಾಮ ಬೆಲೆಗಳಿಗೆ ತಟ್ಟಲು ಒಂದೂವರೆ, ಎರಡು ವರ್ಷ ಹಿಡಿಯಬಹುದು. ಆದ್ದರಿಂದ ತಾವು ನಿಜವಾಗಿ ಗುರಿಯಿಡುವುದು ಇಂದಿನ ಹಣದುಬ್ಬರಕ್ಕಲ್ಲ, ಎರಡು ವರ್ಷದ ಮುಂದಿನ ಹಣದುಬ್ಬರದ ಅಂದಾಜಿಗೆ; ಇದನ್ನು ಸ್ವೆನ್ಸನ್ ಅವರೇ 1997ರಷ್ಟು ಹಿಂದೆ ಸ್ಪಷ್ಟವಾಗಿ ವಿವರಿಸಿದ್ದರು. ಹಾಗಿದ್ದರೆ ಅಂದಾಜು ತಪ್ಪಿದ್ದೇ ನೀತಿ ತಪ್ಪಿದ್ದಕ್ಕೆ ಸಮ. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಮುನ್ನಂದಾಜಿನ ಪದ್ಧತಿಯ ಪರಿಶೀಲನೆಯನ್ನು ಹೊರಗಿನವರಾದ ಬರ್ನಾಂಕಿ ಅವರಿಗೆ ಒಪ್ಪಿಸಿತು. 2024ರ ಏಪ್ರಿಲ್‌ನಲ್ಲಿ ಅವರು 12 ಶಿಫಾರಸುಗಳನ್ನು ಕೊಟ್ಟರು, ಮುಂದಿನ ಹಣದುಬ್ಬರ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ತೋರಿಸಲು 1996ರಿಂದ ಬಳಕೆಯಲ್ಲಿದ್ದ ಬೀಸಣಿಗೆಯಾಕಾರದ ನಕ್ಷೆಗಳನ್ನು ಕೈಬಿಡಿ ಎಂದೂ ಹೇಳಿದರು. ಅಂಥ ಪರಿಶೀಲನೆ ಬಿಕ್ಕಟ್ಟು ಬಂದಾಗ ಒಮ್ಮೆ ನಡೆದು ಮುಗಿಯುವಂಥದ್ದಾಗಬಾರದು. ಪ್ರತಿ ವರ್ಷ ಪ್ರತಿ ಕೇಂದ್ರ ಬ್ಯಾಂಕ್ ತಾನು ಎರಡು ವರ್ಷದ ಹಿಂದೆ ಏನು ಅಂದಾಜಿಸಿತ್ತು, ಏನಾಯಿತು, ತಪ್ಪು ಎಲ್ಲಿ ನುಸುಳಿತು, ಅದು ಹೊರಗಿನ ಆಘಾತವೋ ಲೆಕ್ಕಾಚಾರದ ಮಾದರಿಯ ದೋಷವೋ ಎಂಬುದನ್ನು ತನ್ನ ನೌಕರರಲ್ಲದ ಅರ್ಥಶಾಸ್ತ್ರಜ್ಞರಿಂದ ಪರಿಶೀಲಿಸಿ ಪ್ರಕಟಿಸಬೇಕು. ಅದರ ಒಂದು ಆವೃತ್ತಿ ಸಾಮಾನ್ಯ ಓದುಗರ ಭಾಷೆಯಲ್ಲಿಯೂ ಇರಬೇಕು.

ಸಂಶೋಧನಾ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ಪ್ರತ್ಯೇಕ ವಿನಂತಿಯೊಂದಿದೆ. ನೀತಿಯ ಪರಿಣಾಮವನ್ನು ಅಳೆಯುವ ಅಧ್ಯಯನವನ್ನು ಕೈಗೆತ್ತಿಕೊಳ್ಳುವಾಗಲೇ ಅದರ ಪ್ರಶ್ನೆ ಮತ್ತು ವಿಧಾನವನ್ನು ದಾಖಲಿಸಿಡಿ. ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಮಾತನ್ನು ಮೊದಲೇ ಕೊಡಿ. ಸಾರಾಂಶದ ಒಂದೇ ಒಂದು ವಾಕ್ಯವನ್ನು ಮೇಲಿನವರು ಬದಲಿಸಲು ಸೂಚಿಸಿದರೂ ಆ ಸೂಚನೆ ಲಿಖಿತವಾಗಿರಲಿ, ಲೇಖಕರಿಗೆ ಅದನ್ನು ನಿರಾಕರಿಸುವ ಹಕ್ಕಿರಲಿ. ‘ಪುರಾವೆ ದೊರೆಯಲಿಲ್ಲ’ ಎಂದು ಬರೆದ ಯುವ ಸಂಶೋಧಕಿಯ ಬಡ್ತಿ ಆ ಕಾರಣಕ್ಕೆ ತಡವಾಗದಿರಲಿ.

ನನ್ನ ಹಳೆಯ ಪ್ರಬಂಧದ ಮೂಲ ಕರಡು, ತೆಗೆದುಹಾಕಿದ ಆ ವಾಕ್ಯದ ಸಮೇತ, ಇನ್ನೂ ನನ್ನ ಬಳಿ ಇದೆ. ಅದನ್ನೂ ಅದರ ಲೆಕ್ಕಗಳನ್ನೂ ಯಾರು ಬೇಕಾದರೂ ಮರುಪರಿಶೀಲಿಸುವಂತೆ ಬಹಿರಂಗಪಡಿಸುತ್ತಿದ್ದೇನೆ. ಅದರಲ್ಲಿ ತಪ್ಪಿದ್ದರೆ ತೋರಿಸಿಕೊಡಿ, ನನ್ನ ಹೆಸರಿನಲ್ಲೇ ತಿದ್ದುಪಡಿ ಪ್ರಕಟಿಸುತ್ತೇನೆ. ತಮ್ಮ ಉತ್ತರವೂ ಬಹಿರಂಗ ಪತ್ರದ ರೂಪದಲ್ಲೇ ಬರಲಿ ಎಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಹಣಕಾಸು ನೀತಿಯ ಒಬ್ಬ ಸಂಶೋಧಕ